ರಸ್ತೆ ಬದಿಯ ಫುಡ್ ಟ್ರೇಲರ್‌ನಲ್ಲಿ ಹೊಟ್ಟೆ ಕೆಡಿಸಿಕೊಳ್ಳದೆ ತಿನ್ನುವುದು ಹೇಗೆ?

ರಸ್ತೆ ಬದಿಯಲ್ಲಿ ಒಂದು ಟ್ರೇಲರ್ ನಿಂತಿದೆ. ಕಿಟಕಿ ತೆರೆದಿದೆ, ಒಳಗೆ ಕಾವಲಿ ಚುರ್ ಎನ್ನುತ್ತಿದೆ, ವಾಸನೆಗೆ ಬಾಯಲ್ಲಿ ನೀರೂರುತ್ತಿದೆ. ಇಂಥ ಕಡೆ ಎರಡು ಬಗೆಯ ಜನ ಸಿಗುತ್ತಾರೆ. "ರಸ್ತೆ ಬದೀದು, ಬೇಡಪ್ಪ" ಎಂದು ಮೂಗು ಮುರಿದು ಹೋಗುವವರು ಕೆಲವರು. ಹಸಿವಿನಲ್ಲಿ ಕೊಟ್ಟಿದ್ದನ್ನೆಲ್ಲ ನುಂಗಿ ಹೋಗುವವರು ಉಳಿದವರು.

ನಾನು ಬಹಳ ವರ್ಷ ಎರಡನೇ ಗುಂಪಿನಲ್ಲಿದ್ದೆ. ಒಮ್ಮೆ ತಡರಾತ್ರಿ ಒಂದು ಗಾಡಿಯ ಮುಂದೆ ನಿಂತೆ. ಹೊಸ ಟ್ರೇಲರ್, ಸಾಲು ದೀಪ, ಉಕ್ಕಿನ ಕಟ್ಟೆ ಫಳಫಳ ಹೊಳೆಯುತ್ತಿತ್ತು. ಗಾಡಿಯವರು ಮುಚ್ಚುವ ಆತುರದಲ್ಲಿದ್ದರು. ದೊಡ್ಡ ಪಾತ್ರೆಯ ತಳದಲ್ಲಿ ಉಳಿದಿದ್ದ ಅನ್ನವನ್ನು ಕಾವಲಿ ಮೇಲೆ ನಾಲ್ಕು ಸಲ ಆಡಿಸಿ ಕೊಟ್ಟರು. ಬಿಸಿಯಾಗಿಯೇ ಇತ್ತು, ರುಚಿಯೂ ಇತ್ತು. ಮೂರು ಗಂಟೆ ಕಳೆಯುವುದರೊಳಗೆ ನಾನು ಬಚ್ಚಲುಮನೆಯ ನೆಲದ ಮೇಲೆ ಕೂತಿದ್ದೆ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವುದು ಹೊಟ್ಟೆಗೆ ಅರ್ಥವಾದದ್ದು ಅವತ್ತು. ಅಲ್ಲಿಂದೀಚೆಗೆ ಯಾವ ಗಾಡಿಯ ಮುಂದೆ ನಿಂತರೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ಒಲೆಯಿಂದ ಇಳಿದು ಎಷ್ಟು ಹೊತ್ತಾಯಿತು? ಕೆಳಗಿನ ಹೆಜ್ಜೆಗಳಲ್ಲಿ ಹೆಚ್ಚಿನವು ಈ ಪ್ರಶ್ನೆಗೆ ಉತ್ತರ ಹುಡುಕುವ ದಾರಿಗಳೇ.

ಮೊದಲು, ಹೊತ್ತಿನ ಲೆಕ್ಕ

ರೋಗಾಣುಗಳಿಗೆ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಬೆಚ್ಚಗೆ ತುಂಬಾ ಇಷ್ಟ. ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಅಪಾಯದ ವಲಯ ಎಂದು ಹೇಳುತ್ತದೆ. ಎಲ್ಲ ಅನುಕೂಲವೂ ಇದ್ದರೆ ಕೆಲವು ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ಎರಡರಷ್ಟಾಗುತ್ತವೆ. ಆ ಲೆಕ್ಕದಲ್ಲಿ ಒಂದು ಇದ್ದದ್ದು ಎರಡು ಗಂಟೆಗೆ 64, ಏಳು ಗಂಟೆಗೆ 20 ಲಕ್ಷ ದಾಟುತ್ತದೆ. ಬೆಳಗ್ಗೆ ಬೇಯಿಸಿದ್ದಕ್ಕೂ ಈಗ ಬೇಯಿಸಿದ್ದಕ್ಕೂ ಇರುವ ವ್ಯತ್ಯಾಸ ಇಷ್ಟು.

ಹಾಗಾಗಿ ಬೆಂದ ಆಹಾರ ಒಲೆಯೂ ಇಲ್ಲದೆ, ಫ್ರಿಜ್ಜೂ ಇಲ್ಲದೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು. ಹೊರಗಿನ ಬಿಸಿಲು 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ.

"ಮತ್ತೆ ಬಿಸಿ ಮಾಡಿದರೆ ಸರಿ ಹೋಗುತ್ತಲ್ವಾ?" ಎಂದು ಕೇಳಬಹುದು. ಎಲ್ಲದಕ್ಕೂ ಸರಿ ಹೋಗುವುದಿಲ್ಲ, ನನ್ನ ಅನ್ನದ ಕಥೆ ಅದೇ. ಬ್ಯಾಸಿಲಸ್ ಸೀರಿಯಸ್ ಎನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಅನ್ನ ಬೇಯುವ ಬಿಸಿಗೂ ಸಾಯುವುದಿಲ್ಲ. ಅನ್ನ ಆರುತ್ತಾ ಹೊರಗೆ ಕೂತಾಗ ಅವು ಮೊಳೆತು ಬೆಳೆದು ವಿಷ ಬಿಡುತ್ತವೆ. ವಾಂತಿ ಮಾಡಿಸುವ ಆ ವಿಷ ಕಾವಲಿಯ ಶಾಖಕ್ಕೆ ಜಗ್ಗುವುದಿಲ್ಲ. ಕೈಯ ಗಾಯದಿಂದ, ಮೂಗಿನಿಂದ ಆಹಾರಕ್ಕೆ ಬೀಳುವ ಸ್ಟೆಫಿಲೋಕಾಕಸ್ ಎನ್ನುವ ಬ್ಯಾಕ್ಟೀರಿಯಾದ ಕಥೆಯೂ ಇದೇ. ಬ್ಯಾಕ್ಟೀರಿಯಾ ಸತ್ತರೂ ಅದು ಬಿಟ್ಟ ವಿಷ ಉಳಿದಿರುತ್ತದೆ.

ಬಿಸಿಯಾಗಿದೆ ಎಂದ ಮಾತ್ರಕ್ಕೆ ಈಗ ಮಾಡಿದ್ದು ಎಂದಲ್ಲ. ಇದೊಂದು ನೆನಪಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಹೆಜ್ಜೆ 1: ಹೊತ್ತು ನೋಡಿ ಹೋಗಿ

ಗಾಡಿ ತೆರೆದು ಅರ್ಧ ಮುಕ್ಕಾಲು ಗಂಟೆ ಆಗಿರಬೇಕು, ಊಟದ ಗದ್ದಲ ಆಗಷ್ಟೇ ಶುರುವಾಗಿರಬೇಕು. ಅದು ನನ್ನ ಮೆಚ್ಚಿನ ಹೊತ್ತು. ಕಾವಲಿ ಚೆನ್ನಾಗಿ ಕಾದಿರುತ್ತದೆ, ಎಣ್ಣೆ ಹೊಸದಿರುತ್ತದೆ, ನೀರಿನ ಟ್ಯಾಂಕ್ ತುಂಬಿರುತ್ತದೆ, ಅಡುಗೆಯವರಿಗೂ ಇನ್ನೂ ಸುಸ್ತಾಗಿರುವುದಿಲ್ಲ.

ಎರಡು ಊಟಗಳ ನಡುವಿನ ಖಾಲಿ ಹೊತ್ತು ಅಷ್ಟು ಒಳ್ಳೆಯದಲ್ಲ. ಆಗ ಗಾಡಿಯವರು ಮಾಡಿಟ್ಟದ್ದನ್ನೇ ಕೊಡುವುದು ಜಾಸ್ತಿ. ಮುಚ್ಚುವ ಹೊತ್ತಂತೂ ಬೇಡವೇ ಬೇಡ. ಹೋಗಲೇಬೇಕಾದರೆ ಹಸಿಯಿಂದ ನಿಮ್ಮೆದುರೇ ಬೇಯುವ ಒಂದನ್ನು ಮಾತ್ರ ಕೇಳಿ.

ಹೆಜ್ಜೆ 2: ಗಾಡಿ ನಿಂತ ಜಾಗ ನೋಡಿ

ಹೊಟ್ಟೆ ಕೆಟ್ಟರೆ ಎರಡು ದಿನದಲ್ಲಿ ಸರಿ ಹೋಗಬಹುದು. ವಾಹನ ಗುದ್ದಿದರೆ ಹಾಗಲ್ಲ. ರಸ್ತೆ ಬದಿ ತಿನ್ನುವವರು ಇದನ್ನು ಯಾಕೋ ಮರೆತೇಬಿಡುತ್ತಾರೆ.

ಮಾರುವ ಕಿಟಕಿ ಯಾವ ಕಡೆ ತೆರೆದಿದೆ ನೋಡಿ. ಅದು ವಾಹನ ಓಡಾಡುವ ಕಡೆಗಿದ್ದರೆ ಸಾಲು ನಿಂತವರ ಬೆನ್ನು ರಸ್ತೆಗೇ ಇರುತ್ತದೆ. ಅಂಥ ಗಾಡಿಯ ಊಟ ಅಮೃತವಾಗಿದ್ದರೂ ನಾನು ನಿಲ್ಲುವುದಿಲ್ಲ. ನಿಮ್ಮ ವಾಹನವನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ, ಗಾಡಿ ಇರುವ ಬದಿಯಲ್ಲೇ ನಿಲ್ಲಿಸಿ. ತಿರುವಿನಲ್ಲಿ, ಸೇತುವೆಯ ತುದಿಯಲ್ಲಿ ನಿಲ್ಲಿಸಬೇಡಿ. ಮಕ್ಕಳನ್ನು ರಸ್ತೆಯ ಕಡೆ ಬಾಗಿಲಿನಿಂದ ಇಳಿಸಬೇಡಿ.

ಜನರೇಟರ್ ಎಲ್ಲಿದೆ ಎಂಬುದನ್ನೂ ನೋಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಹೊಗೆ ಬರುವ ಕಡೆ ಕೂತು ತಿನ್ನಬೇಡಿ. ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇರುವುದಿಲ್ಲ, ಸೋರಿದರೆ ಗೊತ್ತಾಗಲಿ ಎಂದೇ ಆ ಕೆಟ್ಟ ವಾಸನೆಯನ್ನು ಬೆರೆಸಿರುತ್ತಾರೆ. ಸಿಲಿಂಡರ್‌ನಲ್ಲಿ ಬರುವ ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲೇ ಹರಡುತ್ತದೆ. ಆ ವಾಸನೆ ಬಂದರೆ ಗಾಡಿಯವರಿಗೆ ತಿಳಿಸಿ ದೂರ ಹೋಗಿ. ಅಲ್ಲೇ ನಿಂತು ಬೆಂಕಿಕಡ್ಡಿ ಗೀರುವ ಪುಣ್ಯಾತ್ಮರೂ ಇರುತ್ತಾರೆ, ಅವರನ್ನೂ ತಡೆಯಿರಿ.

ಹೆಜ್ಜೆ 3: ಐದು ನಿಮಿಷ ಸುಮ್ನೆ ನಿಂತು ನೋಡಿ

ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಇದೇ. ಹೋಟೆಲಿನಲ್ಲಿ ಅಡುಗೆಮನೆ ಗೋಡೆಯ ಹಿಂದಿರುತ್ತದೆ, ಅಲ್ಲಿ ಏನಾಗುತ್ತಿದೆಯೋ ದೇವರಿಗೇ ಗೊತ್ತು. ಟ್ರೇಲರ್‌ನಲ್ಲಿ ಅಡುಗೆಮನೆಯೇ ಕಿಟಕಿಯಲ್ಲಿದೆ. ಇಷ್ಟು ದೊಡ್ಡ ಅನುಕೂಲವನ್ನು ಬಿಟ್ಟು ನಾವು ಮೊಬೈಲ್ ನೋಡುತ್ತಾ ನಿಲ್ಲುತ್ತೇವೆ.

ಮೊದಲು ಕೈ ನೋಡಿ. ದುಡ್ಡು ಮುಟ್ಟುವ ಕೈ, ಆಹಾರ ಮುಟ್ಟುವ ಕೈ ಬೇರೆಯೇ? ಇಬ್ಬರಿದ್ದರೆ ಒಬ್ಬರು ದುಡ್ಡಿಗೆ, ಒಬ್ಬರು ಒಲೆಗೆ ನಿಂತಿರುತ್ತಾರೆ. ಒಬ್ಬರೇ ಇದ್ದರೆ ನಡುವೆ ಕೈ ತೊಳೆಯುತ್ತಾರಾ, ಇಕ್ಕಳ ಅಥವಾ ಸೌಟು ಬಳಸುತ್ತಾರಾ ನೋಡಿ. ಕೈಗವಸು ಕಂಡ ಕೂಡಲೇ ಖುಷಿಪಡಬೇಡಿ. ಅದೇ ಗವಸಿನಲ್ಲಿ ಚಿಲ್ಲರೆ ಕೊಟ್ಟು, ಫೋನ್ ಎತ್ತಿ, ಹಸಿ ಮಾಂಸ ಮುಟ್ಟಿ, ಬ್ರೆಡ್ ಹಿಡಿಯುವವರನ್ನು ಬೇಕಾದಷ್ಟು ಕಂಡಿದ್ದೇನೆ. ಗವಸು ಹಾಕಿದವರಿಗೆ ತಮ್ಮ ಕೈ ಕೊಳೆಯಾಗಿದ್ದೇ ಗೊತ್ತಾಗುವುದಿಲ್ಲ. ಪದೇಪದೇ ತೊಳೆಯುವ ಬರಿಗೈ ಅದಕ್ಕಿಂತ ಎಷ್ಟೋ ಮೇಲು.

ಆಮೇಲೆ ನೀರು. ಟ್ರೇಲರ್‌ಗೆ ಸಾಮಾನ್ಯವಾಗಿ ನಲ್ಲಿ ಸಂಪರ್ಕ ಇರುವುದಿಲ್ಲ. ತಂದ ಟ್ಯಾಂಕಿನ ನೀರು ಮುಗಿದರೆ ಕೈ ತೊಳೆಯುವುದೂ ಮುಗಿಯಿತು. ಒಳಗೆ ಕೈ ತೊಳೆಯಲು ಬೇರೆ ಬೇಸಿನ್, ಸೋಪು ಕಾಣುತ್ತದೆಯೇ? ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯ ಮಾದರಿ ನಿಯಮದ ಪ್ರಕಾರ ಇಂಥ ಗಾಡಿಗಳ ಕೊಳೆನೀರಿನ ಟ್ಯಾಂಕು ಒಳ್ಳೆ ನೀರಿನ ಟ್ಯಾಂಕಿಗಿಂತ ಶೇಕಡಾ 15ರಷ್ಟು ದೊಡ್ಡದಿರಬೇಕು. ತುಂಬಿ ಹೊರಗೆ ಚೆಲ್ಲದಿರಲಿ ಎನ್ನುವುದು ಅದರ ಉದ್ದೇಶ. ಗಾಡಿಯ ಕೆಳಗೆ ಮುಸುರೆ ನೀರು ನಿಂತು ನೊಣ ಮುತ್ತಿದ್ದರೆ ಒಳಗಿನ ವಿಚಾರ ಕೇಳುವ ಅಗತ್ಯವೇ ಇಲ್ಲ.

ಒರೆಸುವ ಬಟ್ಟೆಯ ಮೇಲೂ ಒಂದು ಕಣ್ಣಿರಲಿ. ಒಂದೇ ಬಟ್ಟೆ ಕಟ್ಟೆಗೆ, ಚಾಕುವಿಗೆ, ಕೈಗೆ, ಕೊನೆಗೆ ತಟ್ಟೆಗೂ ಬಂದರೆ ಅದು ಒರೆಸುತ್ತಿಲ್ಲ, ಹಂಚುತ್ತಿದೆ.

ಹಸಿ ಮಾಂಸಕ್ಕೂ ಬೆಂದದ್ದಕ್ಕೂ ಒಂದೇ ಇಕ್ಕಳ, ಒಂದೇ ಹಲಗೆ ಬಳಸುವುದು ಕಂಡರೆ ಅಲ್ಲಿಂದ ಹೊರಟುಬಿಡಿ. ಇದಕ್ಕೆ ಇನ್ನೊಂದು ಅವಕಾಶ ಕೊಡುವ ಮಾತೇ ಇಲ್ಲ.

ಇಷ್ಟೆಲ್ಲ ಹೇಳಿದೆ ಎಂದು ಗಾಡಿಯವರ ಮೇಲೆ ಪತ್ತೇದಾರಿಕೆ ಮಾಡುವವರ ಹಾಗೆ ನಿಲ್ಲಬೇಡಿ. ತಿನಿಸುಗಳ ಪಟ್ಟಿ ಓದುವ ನೆಪ ಸಾಕು. ಬಟ್ಟೆಯ ಮೇಲೆ ಎಣ್ಣೆ ಕಲೆ, ಬೆವರು, ಹಳೆಯ ಪೇಂಟು, ಇವೆಲ್ಲ ಲೆಕ್ಕಕ್ಕಿಲ್ಲ. ಬಿಸಿಲಲ್ಲಿ, ಒಲೆಯ ಪಕ್ಕ, ತಗಡಿನ ಗೂಡಿನಲ್ಲಿ ನಿಂತು ದುಡಿಯುವವರು ಅವರು.

ಹೆಜ್ಜೆ 4: ಸಾಲನ್ನು ಓದಿ

ಜನ ಜಾಸ್ತಿ ಇದ್ದರೆ ಒಳ್ಳೆ ಗಾಡಿ ಎನ್ನುತ್ತಾರೆ. ಬಹುಪಾಲು ನಿಜ. ಜನ ಜಾಸ್ತಿ ಇದ್ದರೆ ಮಾಡಿದ್ದು ಕೂಡಲೇ ಖಾಲಿಯಾಗುತ್ತದೆ, ಕೂತು ಕೆಡಲು ಹೊತ್ತೇ ಸಿಗುವುದಿಲ್ಲ.

ಆದರೆ ಯಾವ ಜನ ಎಂಬುದನ್ನೂ ನೋಡಬೇಕು. ದಿನಾ ಬರುವವರು ಕೈಬೀಸಿ "ಅದೇ ಕೊಡಿ" ಎನ್ನುತ್ತಿದ್ದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ. ನಿನ್ನೆ ತಿಂದು ಹೊಟ್ಟೆ ಕೆಟ್ಟವರು ಇವತ್ತು ಬರುವುದಿಲ್ಲವಲ್ಲ! ಈ ಕಸುಬು ಶುರುವಾದದ್ದೂ ದಿನಾ ಬರುವ ಗಿರಾಕಿಗಳನ್ನು ನಂಬಿಯೇ. 1872ರಲ್ಲಿ ಅಮೆರಿಕದ ಪ್ರಾವಿಡೆನ್ಸ್‌ನಲ್ಲಿ ವಾಲ್ಟರ್ ಸ್ಕಾಟ್ ಎನ್ನುವವರು ಕುದುರೆ ಗಾಡಿಗೆ ಕಿಟಕಿ ಕೊರೆದು ಪತ್ರಿಕೆ ಕಚೇರಿಯ ಮುಂದೆ ನಿಲ್ಲಿಸಿಕೊಂಡರು. ರಾತ್ರಿ ಕೆಲಸ ಮಾಡುವವರೇ ಅವರ ಗಿರಾಕಿಗಳು. ದಿನಾ ಮುಖ ನೋಡಬೇಕಾದವರಿಗೆ ತಂಗಳು ಬಡಿಸಿ ಬದುಕಲು ಆಗುವುದಿಲ್ಲ.

ಸಾಲು ಕೆಲವೊಮ್ಮೆ ಮೋಸವನ್ನೂ ಮಾಡುತ್ತದೆ. ಒಂದೇ ಸಣ್ಣ ಕಾವಲಿ, ಮೂವತ್ತು ಜನ ಕಾಯುತ್ತಿದ್ದಾರೆ ಎಂದರೆ ಅಡುಗೆಯವರಿಗೆ ಅವಸರ. ಅವಸರದಲ್ಲಿ ಮೊದಲು ಕಡಿಮೆಯಾಗುವುದು ಬೇಯಿಸುವ ಹೊತ್ತು. ಹೀಗಿದ್ದಾಗ ನಾನು ಮಾಂಸ ಬಿಟ್ಟು ತರಕಾರಿಯದ್ದನ್ನು ತಗೊಳ್ಳುತ್ತೇನೆ.

ಹೆಜ್ಜೆ 5: ಏನು ಕೇಳಬೇಕು

ಪಟ್ಟಿ ಚಿಕ್ಕದಿದ್ದಷ್ಟೂ ಒಳ್ಳೆಯದು. ಆರೇಳು ತಿನಿಸು ಇರುವ ಗಾಡಿಯಲ್ಲಿ ಸಾಮಾನು ಬೇಗ ಬೇಗ ಖರ್ಚಾಗುತ್ತದೆ. ಅಷ್ಟು ಚಿಕ್ಕ ಗೂಡಿನಿಂದ ಅರವತ್ತು ಬಗೆ ಕೊಡುತ್ತೇವೆ ಎಂದರೆ ಅದರಲ್ಲಿ ಐವತ್ತು ಯಾವತ್ತೋ ತಯಾರಾಗಿ ಫ್ರಿಜ್‌ನಲ್ಲಿ ಕಾಯುತ್ತಿವೆ ಎಂದೇ ಅರ್ಥ. ಪಟ್ಟಿಯಲ್ಲಿ ಕಂಡದ್ದಲ್ಲ, ಮುಂದಿನವರ ತಟ್ಟೆಯಲ್ಲಿ ಕಂಡದ್ದನ್ನು ಕೇಳಿ.

ಕಣ್ಣೆದುರು ಹಸಿಯಿಂದ ಬೆಂದು ನೇರ ನಿಮ್ಮ ಕೈಗೆ ಬರುವ ಯಾವುದಾದರೂ ಸರಿ. ಕುದಿಯುತ್ತಿರುವ ಸಾರು, ಸೂಪು ಒಳ್ಳೆಯದು. ಬರೀ ಬೆಚ್ಚಗಿದ್ದರೆ ಬೇಡ. ಬಿಸಿಪೆಟ್ಟಿಗೆಯಲ್ಲಿ ಇಟ್ಟದ್ದಾದರೆ ಬಡಿಸುವಾಗ ಹಬೆ ಏಳಬೇಕು, ಬಾಯಿಗಿಟ್ಟರೆ ಸುಡುವಷ್ಟಿರಬೇಕು.

ಮಾಂಸದ ವಿಚಾರದಲ್ಲಿ ಒಂದು ಸೂಕ್ಷ್ಮ ಇದೆ. ಇಡೀ ತುಂಡಿನಲ್ಲಿ ರೋಗಾಣು ಹೆಚ್ಚಾಗಿ ಹೊರಮೈಯಲ್ಲಿರುತ್ತದೆ, ಹೊರಗೆ ಚೆನ್ನಾಗಿ ಸುಟ್ಟರೆ ಸಾಯುತ್ತದೆ. ಕೊಚ್ಚಿದ ಮಾಂಸದಲ್ಲಿ ಹೊರಗಿದ್ದದ್ದು ಒಳಗೂ ಸೇರಿಕೊಂಡಿರುತ್ತದೆ. ಹಾಗಾಗಿ ಕೊಚ್ಚಿ ತಟ್ಟಿದ್ದು ನಡುವಿನವರೆಗೂ ಬೇಯಲೇಬೇಕು. ಕೋಳಿಯಂತೂ ತುಂಡಾದರೂ ಸರಿ, ಕೊಚ್ಚಿದ್ದಾದರೂ ಸರಿ, ಒಳಗಿನ ಬಿಸಿ 74 ಡಿಗ್ರಿ ಮುಟ್ಟಬೇಕು. ನಮ್ಮ ಹತ್ತಿರ ಥರ್ಮಾಮೀಟರ್ ಇರುವುದಿಲ್ಲ. ತುಂಡನ್ನು ನಡುವೆ ಮುರಿಯಿರಿ. ಒಳಗಿನಿಂದ ಹಬೆ ಬರಬೇಕು, ರಸ ತಿಳಿಯಾಗಿರಬೇಕು, ಎಲುಬಿನ ಹತ್ತಿರ ಹಸಿ ಇರಬಾರದು. ಬಣ್ಣ ಒಂದನ್ನೇ ನೆಚ್ಚಿಕೊಳ್ಳಬೇಡಿ. ಅನುಮಾನ ಬಂದರೆ "ಇನ್ನೊಂದು ಸ್ವಲ್ಪ ಬೇಯಿಸಿ ಕೊಡ್ತೀರಾ?" ಎಂದು ವಾಪಸ್ ಕೊಡಿ. ಯಾವ ಒಳ್ಳೆ ಅಡುಗೆಯವರೂ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಕರಿದದ್ದಾದರೆ ಎಣ್ಣೆ ನೋಡಿ. ಕಡುಗಪ್ಪಾಗಿ, ಮೇಲೆ ನೊರೆ ನಿಂತು, ಕಡಿಮೆ ಉರಿಯಲ್ಲೂ ಹೊಗೆ ಬಿಡುತ್ತಿದ್ದರೆ, ಕಮಟು ವಾಸನೆ ಬರುತ್ತಿದ್ದರೆ ಅದು ಎಷ್ಟೋ ಸಲ ಕಾದ ಎಣ್ಣೆ. ಎಣ್ಣೆ ಹೀಗೆ ಕಾದು ಒಡೆದಾಗ ಹುಟ್ಟುವ ಪದಾರ್ಥಗಳು ಶೇಕಡಾ 25 ದಾಟಿದರೆ ಎಸೆಯಬೇಕು ಎಂಬ ನಿಯಮ ಹಲವು ದೇಶಗಳಲ್ಲಿದೆ. ಅದನ್ನು ಅಳೆಯುವ ಸಾಧನ ನಮ್ಮ ಕೈಯಲ್ಲಿಲ್ಲ, ಮೂಗು ಇದೆ.

ಹೆಜ್ಜೆ 6: ಪಕ್ಕದಲ್ಲಿ ಬರುವವು

ಹೆಚ್ಚಿನವರು ಮೋಸ ಹೋಗುವುದು ಇಲ್ಲಿ. ಮುಖ್ಯ ತಿನಿಸು ಬೆಂಕಿಯಿಂದ ಈಗಷ್ಟೇ ಇಳಿದಿರುತ್ತದೆ. ಅದರ ಮೇಲೆ ಬೆಳಗ್ಗೆ ಹೆಚ್ಚಿಟ್ಟ ಹಸಿ ತರಕಾರಿ, ತೆರೆದ ಡಬ್ಬಿಯ ಸಾಸ್, ಎಲ್ಲಿಯದೋ ನೀರಿನ ಐಸ್ ಬಂದು ಕೂರುತ್ತವೆ.

ಹಸಿ ಸೊಪ್ಪು, ಹೆಚ್ಚಿದ ಈರುಳ್ಳಿ, ಸೌತೆ, ಇವು ಬೆಂಕಿ ಕಂಡಿರುವುದಿಲ್ಲ. ತೊಳೆದ ನೀರು, ಹೆಚ್ಚಿದ ಕೈ ಎರಡೂ ಚೆನ್ನಾಗಿದ್ದರೆ ಮಾತ್ರ ಇವು ಚೆನ್ನ. ಗೊತ್ತಿಲ್ಲದ ಗಾಡಿಯಲ್ಲಿ ಇವನ್ನು ಬಿಟ್ಟುಬಿಡಿ, ಅಥವಾ ಕಾವಲಿ ಮೇಲೆ ಹಾಕಿ ಬಾಡಿಸಿ ಕೊಡಲು ಹೇಳಿ. ಹಸಿ ಮೊಟ್ಟೆಯಿಂದ ಅಲ್ಲೇ ತಯಾರಿಸಿದ ಮಯೋನೀಸ್‌ನಲ್ಲಿ ಸಾಲ್ಮೊನೆಲ್ಲಾ ಎನ್ನುವ ಬ್ಯಾಕ್ಟೀರಿಯಾ ಇರಬಹುದು. ಬಿಸಿಲಲ್ಲಿ ಕೂತ ಅಂಥ ಡಬ್ಬಿಗೆ ಚಮಚ ಹಾಕಬೇಡಿ. ಸೀಲ್ ಇರುವ ಪುಟ್ಟ ಪೊಟ್ಟಣ ವಾಸಿ.

ಐಸ್ ತಣ್ಣಗಿದೆ ಎಂದು ಸ್ವಚ್ಛ ಅಲ್ಲ. ಹೆಪ್ಪುಗಟ್ಟಿದರೆ ಹೆಚ್ಚಿನ ರೋಗಾಣುಗಳು ಸಾಯುವುದಿಲ್ಲ, ನಿದ್ದೆ ಹೋಗುತ್ತವೆ ಅಷ್ಟೆ. ನಿಮ್ಮ ಲೋಟದಲ್ಲಿ ಕರಗಿದಾಗ ಏಳುತ್ತವೆ. ಕುಡಿಯಲು ನಿಮ್ಮದೇ ನೀರಿನ ಬಾಟಲಿ ಇದ್ದರೆ ಬೇರೆ ಯೋಚನೆಯೇ ಬೇಡ. ಇಲ್ಲದಿದ್ದರೆ ಸೀಲ್ ಒಡೆಯದ ಬಾಟಲಿ ಅಥವಾ ಕುದಿಸಿದ ಪಾನೀಯ.

ಅಲರ್ಜಿ ಇರುವವರಿಗೆ ಪ್ರತ್ಯೇಕ ಮಾತು. ಕಡಲೆಕಾಯಿ, ಗೋಡಂಬಿಯಂಥವು, ಎಳ್ಳು, ಹಾಲು, ಮೊಟ್ಟೆ, ಮೀನು, ಸಿಗಡಿ, ಗೋಧಿ, ಸೋಯಾ, ಇವುಗಳಲ್ಲಿ ಯಾವುದು ನಿಮಗೆ ಆಗದಿದ್ದರೂ ಗಾಡಿಯ ಅಡುಗೆ ಕಷ್ಟವೇ. ಜಾಗ ಚಿಕ್ಕದು, ಕಾವಲಿ ಒಂದೇ, ಕರಿಯುವ ಎಣ್ಣೆಯೂ ಒಂದೇ. "ಇದರಲ್ಲಿ ಕಡಲೆಕಾಯಿ ಇದೆಯಾ?" ಎಂದರೆ ಅವರು ಇಲ್ಲ ಎನ್ನಬಹುದು, ಅದು ನಿಜವೂ ಇರಬಹುದು. ಕೇಳಬೇಕಾದದ್ದು "ಇದೇ ಎಣ್ಣೆಯಲ್ಲಿ, ಇದೇ ಕಾವಲಿಯಲ್ಲಿ ಕಡಲೆಕಾಯಿಯದ್ದು ಏನಾದರೂ ಮಾಡಿದ್ದೀರಾ?" ಎಂದು. ಅಲರ್ಜಿ ಜೋರಾಗಿದ್ದರೆ ಆ ದಿನ ಹಣ್ಣು ತಿನ್ನಿ, ನೀವೇ ಸಿಪ್ಪೆ ಸುಲಿಯುವಂಥದ್ದು.

ಹೆಜ್ಜೆ 7: ತಿನ್ನುವ ಮುಂಚೆ, ತಿನ್ನುವಾಗ

ಗಾಡಿಯವರ ಕೈ ಬಗ್ಗೆ ಇಷ್ಟು ಮಾತಾಡಿದೆವು, ನಮ್ಮ ಕೈ? ಬಸ್ಸಿನ ಕಂಬಿ, ಸ್ಟೀರಿಂಗ್, ನೋಟು, ಫೋನ್, ಎಲ್ಲ ಮುಟ್ಟಿ ಬಂದಿರುತ್ತೇವೆ. ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿ ತೊಳೆಯಿರಿ. ಚೀಲದಲ್ಲಿ ಸೋಪಿನ ಚೂರು, ಒಂದು ಬಾಟಲಿ ನೀರು ಇಟ್ಟುಕೊಂಡರೆ ಎಲ್ಲಿ ಬೇಕಾದರೂ ಆಗುತ್ತದೆ. ಸ್ಯಾನಿಟೈಸರ್ ಏನೂ ಇಲ್ಲದಾಗ ಇರಲಿ. ವಾಂತಿ ಭೇದಿ ತರುವ ನೊರೊವೈರಸ್‌ಗೆ ಅದು ಸರಿಯಾಗಿ ನಾಟುವುದಿಲ್ಲ, ಸೋಪು ನೀರು ಅದನ್ನು ತೊಳೆದು ಹಾಕುತ್ತದೆ.

ಅಚ್ಚಾದ ಪತ್ರಿಕೆಯಲ್ಲಿ ಸುತ್ತಿ ಕೊಟ್ಟರೆ ಬೇಡ ಎನ್ನಿ, ಬಿಸಿ ಎಣ್ಣೆಗೆ ಶಾಯಿ ಬಿಡುತ್ತದೆ. ತೆಳು ಪ್ಲಾಸ್ಟಿಕ್ ಚೀಲದಲ್ಲಿ ಕುದಿಯುವ ಸಾರನ್ನೂ ಹಾಕಿಸಿಕೊಳ್ಳಬೇಡಿ. ನಾನು ಒಂದು ಉಕ್ಕಿನ ಡಬ್ಬಿ, ಒಂದು ಚಮಚ ಜೊತೆಗಿಟ್ಟುಕೊಳ್ಳುತ್ತೇನೆ. ಮೊದಮೊದಲು ನಾಚಿಕೆ ಆಗುತ್ತಿತ್ತು. ಡಬ್ಬಿ ಕಂಡ ಗಾಡಿಯವರು ಒಂದು ಸೌಟು ಜಾಸ್ತಿ ಹಾಕುತ್ತಾರೆ ಎಂದು ಗೊತ್ತಾದ ಮೇಲೆ ನಾಚಿಕೆ ಹೋಯಿತು.

ಹಣ ಮೊದಲೇ ತೆಗೆದಿಟ್ಟುಕೊಳ್ಳಿ. ಕಿಟಕಿ ಬಿಟ್ಟು ಪಕ್ಕಕ್ಕೆ ಬಂದು ತಿನ್ನಿ, ಹಿಂದಿನವರಿಗೂ ಹಸಿವು. ಬಿಸಿ ಇರುವಾಗಲೇ ತಿಂದು ಮುಗಿಸಿ. ಫೋಟೊ ತೆಗೆಯುವುದಾದರೆ ಒಂದು ಸಾಕು!

ಹೆಜ್ಜೆ 8: ಪಾರ್ಸಲ್ ಮತ್ತು ಉಳಿದದ್ದು

ಪಾರ್ಸಲ್ ಕೈಗೆ ಬಂದ ಕ್ಷಣದಿಂದ ಗಡಿಯಾರ ನಿಮ್ಮದು. ಮುಚ್ಚಿದ ಕಾರಿನಲ್ಲಿ ಬಿಸಿಲಿಗೆ ಬಿಟ್ಟು ಹೋದರೆ ಗಾಡಿಯವರನ್ನು ದೂರುವಂತಿಲ್ಲ. ಒಂದೆರಡು ಗಂಟೆಯೊಳಗೆ ತಿನ್ನಿ, ಇಲ್ಲವೇ ಅಷ್ಟರೊಳಗೆ ಫ್ರಿಜ್‌ಗೆ ಸೇರಿಸಿ. ದಾರಿಯಲ್ಲಿ ಫ್ರಿಜ್ ಸಿಗದಿದ್ದರೆ ಉಳಿಯದಷ್ಟೇ ತಗೊಳ್ಳಿ.

ಆದರೂ ಹೊಟ್ಟೆ ಕೆಟ್ಟರೆ

ಎಲ್ಲ ನೋಡಿದರೂ ಒಮ್ಮೊಮ್ಮೆ ಆಗುತ್ತದೆ. ಮೊದಲು ನೀರು. ವೈದ್ಯರು ಕೊಡುವ ಓಆರ್‌ಎಸ್ ಪೊಟ್ಟಣ ಸಿಕ್ಕರೆ ಅದೇ ಉತ್ತಮ. ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕರಗಿಸಿ. ಉಪ್ಪು ಜಾಸ್ತಿ ಆಗಬಾರದು, ಅದು ಅಪಾಯ. ಗಟಗಟ ಕುಡಿದರೆ ವಾಂತಿಯಾಗುತ್ತದೆ, ಗುಟುಕು ಗುಟುಕಾಗಿ ಕುಡಿಯಿರಿ.

ಮಲದಲ್ಲಿ ರಕ್ತ, ಜೋರು ಜ್ವರ, ಕುಡಿದ ನೀರೂ ನಿಲ್ಲದ ವಾಂತಿ, ಮೂತ್ರ ತೀರಾ ಕಡಿಮೆಯಾಗುವುದು, ನಿಂತರೆ ತಲೆ ಸುತ್ತುವುದು, ಇವುಗಳಲ್ಲಿ ಒಂದು ಕಂಡರೂ ವೈದ್ಯರ ಹತ್ತಿರ ಹೋಗಿ. ಪುಟ್ಟ ಮಕ್ಕಳು, ಗರ್ಭಿಣಿಯರು, ವಯಸ್ಸಾದವರ ವಿಚಾರದಲ್ಲಿ ಇಷ್ಟು ಕಾಯಬೇಡಿ. ಮಾತ್ರೆ ನುಂಗಿ ಭೇದಿ ನಿಲ್ಲಿಸುವ ಆತುರವೂ ಬೇಡ, ರಕ್ತ ಅಥವಾ ಜ್ವರ ಇದ್ದರಂತೂ ವೈದ್ಯರನ್ನು ಕೇಳದೆ ನುಂಗಲೇಬೇಡಿ.

ಇನ್ನು ತಪ್ಪು ಯಾರದು? ನಾವು ಕೊನೆಗೆ ತಿಂದದ್ದನ್ನೇ ಬೈಯುತ್ತೇವೆ. ಅರ್ಧ ಗಂಟೆಯಿಂದ ಆರೆಂಟು ಗಂಟೆಯೊಳಗೆ ವಾಂತಿ ಶುರುವಾದರೆ ನಾನು ಹೇಳಿದ ಅನ್ನದ ವಿಷ ಅಥವಾ ಸ್ಟೆಫಿಲೋಕಾಕಸ್ ಇರಬಹುದು. ನೊರೊವೈರಸ್‌ಗೆ ಸಾಮಾನ್ಯವಾಗಿ 12ರಿಂದ 48 ಗಂಟೆ ಬೇಕು. ಸಾಲ್ಮೊನೆಲ್ಲಾ ಆರು ಗಂಟೆಯಿಂದ ಆರು ದಿನದವರೆಗೂ ತಗೊಳ್ಳಬಹುದು. ಕೋಳಿಯಿಂದ ಬರುವ ಕ್ಯಾಂಪಿಲೋಬ್ಯಾಕ್ಟರ್ ಎರಡರಿಂದ ಐದು ದಿನ. ಹಾಗಾಗಿ ಇವತ್ತಿನ ಗಾಡಿಯವರ ಹೆಸರು ಕೆಡಿಸುವ ಮುಂಚೆ ಕಳೆದ ಐದಾರು ದಿನ ಏನೇನು ತಿಂದಿರಿ ಎಂದು ಬರೆದುಕೊಳ್ಳಿ, ಮನೆಯ ಊಟವೂ ಸೇರಿ. ಜೊತೆಗೆ ತಿಂದ ಬೇರೆಯವರಿಗೂ ಹೀಗೇ ಆಗಿದ್ದರೆ ಆ ಭಾಗದ ಆರೋಗ್ಯ ಅಧಿಕಾರಿಗಳಿಗೆ ತಿಳಿಸಿ: ಯಾವ ದಿನ, ಎಷ್ಟು ಹೊತ್ತಿಗೆ, ಏನು ತಿಂದಿರಿ, ಎಷ್ಟು ಗಂಟೆಗೆ ಶುರುವಾಯಿತು. ಪಾರ್ಸಲ್‌ನಲ್ಲಿ ಉಳಿದಿದ್ದರೆ ಎಸೆಯದೆ, ಮುಚ್ಚಿ, ಮೇಲೆ "ತಿನ್ನಬೇಡಿ" ಎಂದು ಬರೆದು ಫ್ರಿಜ್‌ನಲ್ಲಿಡಿ. ಪರೀಕ್ಷೆಗೆ ಕೇಳಬಹುದು.